ಹ್ಯಾಮ್ಲೆಟ್ ನಾಟಕದ ಐದನೇ ಅಂಕ: ಗುಂಡಿ ತೋಡಿದವನು ಕೋಡಂಗಿಯೇ?

ಇಂಗ್ಲಿಷ್ ಸಾಹಿತ್ಯ ಓದುವ ಹಾಸ್ಟೆಲ್ ಹುಡುಗ ಹುಡುಗಿಯರ ಟ್ರಂಕು ತೆಗೆದು ನೋಡಿ. ನಾಟಕದ ಪುಸ್ತಕ ಇಲ್ಲದಿದ್ದರೂ ಗೈಡು ಇದ್ದೇ ಇರುತ್ತದೆ. ಆ ಗೈಡಿನಲ್ಲಿ ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಐದನೇ ಅಂಕಕ್ಕೆ ಬನ್ನಿ. ರಾಜಕುಮಾರ ಹ್ಯಾಮ್ಲೆಟನ ಸಾವಿಗೆ ಪುಟಗಟ್ಟಲೆ ವಿವರಣೆ. ಅವನ ತಳಮಳ, ಅವನ ವಿಳಂಬ, ಅವನ ಉದಾತ್ತ ಮನಸ್ಸು. ಅದೇ ಅಂಕದ ಮೊದಲಿಗೆ ಗುದ್ದಲಿ ಹಿಡಿದು ಬರುವ ಇಬ್ಬರು ಕೂಲಿಗಳಿಗೆ ಎರಡೇ ಪದ: ಕಾಮಿಕ್ ರಿಲೀಫ್. ಅಂದರೆ, ದೊಡ್ಡವರ ಗೋಳು ನೋಡಿ ನೋಡಿ ಸುಸ್ತಾದ ಜನಕ್ಕೆ ಸ್ವಲ್ಪ ಹೊತ್ತು ನಗು. ಐದನೇ ಅಂಕದ ಈ ಬಡಪಾಯಿಗಳಿಗೆ ಪರೀಕ್ಷೆಯಲ್ಲಿ ಐದು ಅಂಕ. ಅಲ್ಲಿಗೆ ಮುಗೀತು.

ನಾವು ಕೇಳುತ್ತೇವೆ: ರಿಲೀಫು ಯಾರಿಗೆ? ಹೆಣ ಬರುವ ಹೊತ್ತಿಗೆ ಗುಂಡಿ ತಯಾರಿರಬೇಕು ಅಂತ ಬೆವರು ಸುರಿಸೋದು ಯಾರ ಕಣ್ಣಿಗೆ ತಮಾಷೆಯಾಗಿ ಕಾಣುತ್ತದೆ? ಎಂದೂ ಗುದ್ದಲಿ ಮುಟ್ಟದವನ ಕಣ್ಣಿಗೆ. ಅವನೇ ಗೈಡು ಬರೆದ. ಅವನೇ ಪ್ರಶ್ನೆಪತ್ರಿಕೆ ತೆಗೆದ. ಅವನೇ ಉತ್ತರ ತಿದ್ದಿದ. ಅವನು ನಕ್ಕ ಕಡೆ ನಾವೂ ನಗಬೇಕು, ಅವನು ಅತ್ತ ಕಡೆ ನಾವೂ ಅಳಬೇಕು. ಇದಕ್ಕೆ ಸಾಹಿತ್ಯಾಭಿರುಚಿ ಅಂತ ಹೆಸರು.

ನಮ್ಮ ವಾದ ಇಷ್ಟು. ಈ ನಾಟಕದ ಕೊನೆಯ ಅಂಕ ಶುರುವಾಗುವುದೇ ಒಂದು ಗುಂಡಿಯಲ್ಲಿ. ಆ ಗುಂಡಿಯೊಳಗೆ ನಿಂತು ಮೇಲಕ್ಕೆ ನೋಡಿದರೆ ಇಡೀ ಅಂಕ ಬೇರೆಯಾಗಿ ಕಾಣುತ್ತದೆ. ಹಾಗೆ ನೋಡುವ ಹಕ್ಕು ನಮಗಿದೆ. ಬೇರೆ ಯಾರಿಗಿಂತಲೂ ಹೆಚ್ಚಾಗಿ ಇದೆ.

ಕಥೆ ಗೊತ್ತಿಲ್ಲದವರಿಗೆ

ನಾಟಕ ಬರೆದದ್ದು 1600ರ ಆಸುಪಾಸಿನಲ್ಲಿ, ಇಂಗ್ಲೆಂಡಿನಲ್ಲಿ. ಕಥೆ ನಡೆಯುವುದು ಡೆನ್ಮಾರ್ಕಿನ ಅರಮನೆಯಲ್ಲಿ. ರಾಜನನ್ನು ಅವನ ತಮ್ಮ ಕ್ಲಾಡಿಯಸ್ ವಿಷವಿಟ್ಟು ಕೊಂದು, ಸಿಂಹಾಸನ ಹತ್ತಿ, ಅತ್ತಿಗೆ ಗರ್ಟ್ರೂಡಳನ್ನೇ ಮದುವೆಯಾಗಿದ್ದಾನೆ. ಸತ್ತ ರಾಜನ ದೆವ್ವ ಬಂದು ಮಗ ಹ್ಯಾಮ್ಲೆಟನಿಗೆ ಸೇಡು ತೀರಿಸು ಎನ್ನುತ್ತದೆ. ಹ್ಯಾಮ್ಲೆಟ್ ಹಿಂದೆಮುಂದೆ ನೋಡುತ್ತಾನೆ. ನಡುವೆ ಪರದೆ ಹಿಂದೆ ಅಡಗಿದ್ದ ಮಂತ್ರಿ ಪೊಲೋನಿಯಸ್‌ನನ್ನು ರಾಜನೆಂದು ತಿಳಿದು ತಿವಿದು ಕೊಲ್ಲುತ್ತಾನೆ. ಆ ಮಂತ್ರಿಯ ಮಗಳು ಒಫೀಲಿಯ, ಹ್ಯಾಮ್ಲೆಟ್ ಪ್ರೀತಿಸಿ ತಿರಸ್ಕರಿಸಿದವಳು, ಹುಚ್ಚಿಯಾಗಿ ನೀರಿನ ಪಾಲಾಗುತ್ತಾಳೆ. ಅವಳ ಅಣ್ಣ ಲಯರ್ಟೀಸ್ ಸೇಡಿಗಾಗಿ ಕಾದು ನಿಂತಿದ್ದಾನೆ. ಇಲ್ಲಿಗೆ ನಾಲ್ಕು ಅಂಕ ಮುಗಿಯುತ್ತದೆ. ಐದನೆಯದು ಶುರುವಾದಾಗ ರಂಗದ ಮೇಲೆ ರಾಜರಿಲ್ಲ, ರಾಣಿಯರಿಲ್ಲ. ಇಬ್ಬರು ಕೆಲಸಗಾರರು ಒಫೀಲಿಯಳ ಗುಂಡಿ ತೋಡಲು ಬರುತ್ತಾರೆ.

ಗುಂಡಿಯಲ್ಲಿ ನಡೆದ ಪಂಚನಾಮೆ

ಬಂದವರು ಮಾತಾಡುವುದು ಏನು? ಗೈಡು ಹೇಳುವ ಹಾಗೆ ಪೋಲಿ ಹರಟೆಯಲ್ಲ, ಕಾನೂನು. ಈ ಹುಡುಗಿ ತಾನಾಗಿ ಪ್ರಾಣ ಬಿಟ್ಟಳೆಂಬ ಅನುಮಾನ ಇದೆಯಲ್ಲ, ಹಾಗಿದ್ದರೂ ಇವಳಿಗೆ ಇಗರ್ಜಿಯ ಪವಿತ್ರ ನೆಲ ಹೇಗೆ ಸಿಕ್ಕಿತು ಅಂತ ಮೊದಲನೆಯವನು ಕೇಳುತ್ತಾನೆ. ಪಂಚನಾಮೆ ಆಗಿದೆ, ಅಧಿಕಾರಿಯೇ ಸರಿ ಅಂದಿದ್ದಾನೆ ಅಂತ ಎರಡನೆಯವನು. ಅದು ಹೇಗೆ ಸರಿಯಾಗುತ್ತಪ್ಪ, ನೀರು ತಾನಾಗಿ ಇವಳ ಹತ್ತಿರ ಬಂತೋ, ಇವಳೇ ನೀರಿನ ಹತ್ತಿರ ಹೋದಳೋ ಅಂತ ಮೊದಲನೆಯವನು ವಕೀಲರ ಹಾಗೆ ವಾದ ಕಟ್ಟುತ್ತಾನೆ. ಒಂದು ಕ್ರಿಯೆಯನ್ನು ಮೂರು ಭಾಗ ಮಾಡಿ, ಲ್ಯಾಟಿನ್ ಪದಗಳನ್ನು ತಿರುಚಿ ಹಾಕಿ, ಕೋರ್ಟಿನ ಭಾಷೆಯನ್ನೇ ಅಣಕಿಸುತ್ತಾನೆ.

ಓದಿದವರು ಇಲ್ಲಿ ನಗುತ್ತಾರೆ: ನೋಡಿ, ಅಕ್ಷರ ಬಾರದವನು ಲ್ಯಾಟಿನ್ ಕೆಡಿಸಿದ! ಆದರೆ ಇದರ ಹಿಂದೆ ಒಂದು ನಿಜವಾದ ಮೊಕದ್ದಮೆ ಇದೆ ಅಂತ ವಿದ್ವಾಂಸರು ಬಹಳ ಹಿಂದೆಯೇ ತೋರಿಸಿದ್ದಾರೆ. 1554ರಲ್ಲಿ ಸರ್ ಜೇಮ್ಸ್ ಹೇಲ್ಸ್ ಎಂಬ ನ್ಯಾಯಾಧೀಶ ನೀರಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡ. ಆತ್ಮಹತ್ಯೆ ಮಾಡಿಕೊಂಡವನ ಆಸ್ತಿ ರಾಜಮನೆತನಕ್ಕೆ ಸೇರಬೇಕು ಎಂಬುದು ಆಗಿನ ಕಾನೂನು. ಅವನ ಗೇಣಿ ಜಮೀನು ಯಾರಿಗೆ ಎಂಬುದಕ್ಕೆ ಅವನ ಹೆಂಡತಿ ಕೋರ್ಟಿಗೆ ಹೋದಳು. ದೊಡ್ಡ ದೊಡ್ಡ ವಕೀಲರು ನಿಂತು, ಸಾಯುವ ಕ್ರಿಯೆಗೆ ಮೂರು ಭಾಗ ಇದೆ, ಯೋಚನೆ ಒಂದು, ನಿರ್ಧಾರ ಒಂದು, ನೆರವೇರಿಕೆ ಒಂದು ಅಂತ ವಾದ ಮಾಡಿದರು. ಹೆಂಡತಿ ಸೋತಳು. ಅದರ ವರದಿ 1571ರಲ್ಲಿ ಅಚ್ಚಾಯಿತು, ಅದೂ ಜನಸಾಮಾನ್ಯರಿಗೆ ಅರ್ಥವಾಗದ ಕೋರ್ಟಿನ ಫ್ರೆಂಚಿನಲ್ಲಿ. ಕೂಲಿಯವನ ಬಾಯಿಂದ ಷೇಕ್ಸ್‌ಪಿಯರ್ ಆಡಿಸಿದ್ದು ಆ ವಾದದ ಅಣಕ. ಮೂರ್ಖತನ ಕೋರ್ಟಿನದು. ನಗಬೇಕಾದ್ದು ಅದನ್ನು ನೋಡಿ. ನಮ್ಮ ತರಗತಿಗಳಲ್ಲಿ ನಗಿಸಿದ್ದು ಅದನ್ನು ಆಡಿ ತೋರಿಸಿದವನನ್ನು ನೋಡಿ.

ಆಮೇಲೆ ಎರಡನೆಯವನು ಸತ್ಯ ಹೇಳೇಬಿಡುತ್ತಾನೆ. ಇವಳು ದೊಡ್ಡ ಮನೆತನದವಳಲ್ಲದೆ ಹೋಗಿದ್ದರೆ ಈ ನೆಲ ಇವಳಿಗೆ ಸಿಗುತ್ತಿರಲಿಲ್ಲ ಅಂತ. ಮೊದಲನೆಯವನು ಒಪ್ಪುತ್ತಾನೆ: ಈ ಲೋಕದಲ್ಲಿ ಮುಳುಗಿ ಸಾಯುವುದಕ್ಕೂ, ನೇಣು ಹಾಕಿಕೊಳ್ಳುವುದಕ್ಕೂ ದೊಡ್ಡವರಿಗೆ ಇರುವ ಸಲೀಸು ಉಳಿದ ಕ್ರೈಸ್ತರಿಗೆ ಇಲ್ಲ ಎಂಬ ಅರ್ಥದಲ್ಲಿ. ಕಾನೂನು ಒಂದೇ, ಹೆಣದ ಮೇಲೆ ಹೆಣ ಬೇರೆ ಬೇರೆ. ಬಡವರ ಹೆಣ್ಣುಮಗಳು ಹಾಗೆ ಸತ್ತಿದ್ದರೆ? ಆತ್ಮಹತ್ಯೆ ಅಂತ ತೀರ್ಮಾನವಾದವರನ್ನು ಆ ದೇಶದಲ್ಲಿ ರಸ್ತೆ ಕೂಡುವ ಜಾಗದಲ್ಲಿ ಎದೆಗೆ ಗೂಟ ಹೊಡೆದು ಹೂಳುವ ಪದ್ಧತಿ ಇತ್ತು. ಹಾಗೆ ರಸ್ತೆಯಲ್ಲಿ ಹೂಳುವುದನ್ನು ಪಾರ್ಲಿಮೆಂಟು ಕಾನೂನು ಮಾಡಿ ನಿಲ್ಲಿಸಿದ್ದು 1823ರಲ್ಲಿ. ಆಸ್ತಿ ಕಿತ್ತುಕೊಳ್ಳುವ ಕಾನೂನು ಹೋದದ್ದು 1870ರಲ್ಲಿ. ಗುಂಡಿ ತೋಡುವವನು ರಂಗದ ಮೇಲೆ ನಿಂತು ಕೇಳಿದ್ದು 1600ರಲ್ಲಿ!

ಮಂತ್ರಿ ಮಗಳಿಗೂ ಪೂರ್ತಿ ಮರ್ಯಾದೆ ಸಿಗುವುದಿಲ್ಲ, ಅದನ್ನೂ ನೋಡಿ. ಶವ ಬಂದ ಮೇಲೆ ಪಾದ್ರಿ ಗೊಣಗುತ್ತಾನೆ. ಮೇಲಿನಿಂದ ಅಪ್ಪಣೆ ಬಾರದಿದ್ದರೆ ಇವಳನ್ನು ಅಪವಿತ್ರ ನೆಲದಲ್ಲೇ ಹೂಳಿ, ಪ್ರಾರ್ಥನೆಯ ಬದಲು ಕಲ್ಲುಮಣ್ಣು ಎರಚುತ್ತಿದ್ದೆವು ಎನ್ನುತ್ತಾನೆ. ಸತ್ತವರಲ್ಲೂ ಮಡಿ ಮೈಲಿಗೆ ತೂಗುವವನು ಒಬ್ಬ ಪುರೋಹಿತ. ಅವನ ಬಟ್ಟೆ ಬೇರೆ, ಭಾಷೆ ಬೇರೆ, ತಕ್ಕಡಿ ನಮಗೆ ಪರಿಚಯದ್ದೇ.

ಆದಮನ ತೋಳು

ಮೊದಲನೆಯವನು ಮುಂದೆ ಇನ್ನೊಂದು ಮಾತು ಹೇಳುತ್ತಾನೆ. ತೋಟಗಾರರು, ಹಳ್ಳ ತೋಡುವವರು, ಗುಂಡಿ ತೆಗೆಯುವವರು, ಇವರಿಗಿಂತ ಹಳೆಯ ಗೌರವಸ್ಥರು ಲೋಕದಲ್ಲಿ ಇಲ್ಲವಂತೆ. ಯಾಕೆಂದರೆ ಮೊದಲ ಮನುಷ್ಯ ಆದಮನ ಕಸುಬನ್ನು ಮುಂದುವರಿಸಿಕೊಂಡು ಬಂದವರು ಇವರೇ. ಇಂಗ್ಲಿಷಿನಲ್ಲಿ ತೋಳಿಗೂ, ದೊಡ್ಡ ಮನೆತನದ ಲಾಂಛನಕ್ಕೂ ಒಂದೇ ಪದ. ಆ ಪದ ಹಿಡಿದು ಆಟ ಆಡುತ್ತಾನೆ: ತೋಳಿಲ್ಲದೆ ಆದಮ ಹೇಗೆ ಅಗೆದ? ಅಂದ ಮೇಲೆ ಲಾಂಛನ ಮೊದಲು ಇದ್ದದ್ದು ಅಗೆಯುವವನಿಗೇ.

ಇದು ಬರೀ ಪದದಾಟ ಅಂದುಕೊಂಡರೆ ಇತಿಹಾಸ ಗೊತ್ತಿಲ್ಲ ಅಂತ ಅರ್ಥ. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಜಾನ್ ಬಾಲ್ ಎಂಬ ಬಡ ಪಾದ್ರಿ, ಆದಮ ನೆಲ ಅಗೆಯುತ್ತಿದ್ದ ಕಾಲದಲ್ಲಿ ಒಡೆಯರೆಂಬ ಕುಲ ಎಲ್ಲಿತ್ತು ಎಂಬ ಅರ್ಥದ ಪ್ರಶ್ನೆ ಎತ್ತಿ ಜನರನ್ನು ಕೂಡಿಸಿದ. ಅದೇ ವರ್ಷ ಜುಲೈನಲ್ಲಿ ಅವನನ್ನು ನೇಣಿಗೆ ಹಾಕಿ, ದೇಹ ತುಂಡು ಮಾಡಿದರು. ಇನ್ನೂರು ವರ್ಷ ದಾಟಿದ ಮೇಲೆ ಆ ಪ್ರಶ್ನೆ ಒಂದು ಗುಂಡಿಯೊಳಗಿಂದ ತಲೆ ಎತ್ತುತ್ತದೆ. ಗಂಭೀರವಾಗಿ ಕೇಳಿದರೆ ತಲೆ ಹೋಗುತ್ತದೆ, ಆದ್ದರಿಂದ ಒಗಟು ಹೇಳುವವನ ಬಾಯಲ್ಲಿ ಬರುತ್ತದೆ. ನಮ್ಮ ಕೇರಿಯ ಮುದುಕರೂ ಗೌಡರ ಎದುರು ನೇರ ಹೇಳಲಾಗದ್ದನ್ನು ಗಾದೆಯಲ್ಲಿ, ಪದದಲ್ಲಿ ಸುತ್ತಿ ಹೇಳುತ್ತಿದ್ದರಲ್ಲ, ಹಾಗೆ.

ಹೆಸರಿಲ್ಲದವನು

ಇಷ್ಟು ಮಾತಾಡುವವನಿಗೆ ಹೆಸರಿಲ್ಲ. 23 ವರ್ಷದ ಹಿಂದೆ ಸತ್ತ ಆಸ್ಥಾನದ ವಿದೂಷಕನ ಬುರುಡೆಗೆ ಯೋರಿಕ್ ಅಂತ ಹೆಸರಿದೆ. ಜೀವಂತ ನಿಂತು ಆ ಬುರುಡೆ ಎತ್ತಿ ಕೊಟ್ಟವನಿಗೆ ಇಲ್ಲ. 1623ರ ದೊಡ್ಡ ಸಂಪುಟದಲ್ಲಿ ಇವರಿಬ್ಬರನ್ನೂ ಕರೆದಿರುವುದು 'ಕ್ಲೌನ್' ಅಂತ. ಆ ಕಾಲದ ಇಂಗ್ಲಿಷಿನಲ್ಲಿ ಆ ಪದಕ್ಕೆ ನಾಟಕದ ಹಾಸ್ಯಗಾರ ಅಂತಲೂ ಅರ್ಥ, ಹಳ್ಳಿಗಾಡಿನ ಒರಟ ಅಂತಲೂ ಅರ್ಥ. ನೋಡಿದಿರಾ? ದುಡಿಯುವ ಹಳ್ಳಿಯವನಿಗೂ ಕೋಡಂಗಿಗೂ ಒಂದೇ ಪದ. ನಮ್ಮ ಜಾತಿಯ ಹೆಸರುಗಳನ್ನೇ ಬೈಗುಳ ಮಾಡಿಕೊಂಡ ಭಾಷೆಯಲ್ಲಿ ಬೆಳೆದ ನಮಗೆ ಈ ಮಸಲತ್ತು ವಿವರಿಸಬೇಕಾಗಿಲ್ಲ.

ಕೆಲಸ ಮಾಡುತ್ತಾ ಅವನು ಹಾಡಿಕೊಳ್ಳುತ್ತಾನೆ. ದೂರದಿಂದ ಹ್ಯಾಮ್ಲೆಟನೂ ಅವನ ಗೆಳೆಯ ಹೊರೇಷಿಯೊನೂ ಬರುತ್ತಾರೆ. ಗುಂಡಿ ತೋಡುತ್ತಾ ಹಾಡುತ್ತಾನಲ್ಲ, ಇವನಿಗೆ ಮಾಡುವ ಕೆಲಸದ ಅರಿವೇ ಇಲ್ಲವೇ ಅಂತ ರಾಜಕುಮಾರ ಕೇಳುತ್ತಾನೆ. ರೂಢಿಯಾಗಿಬಿಟ್ಟಿದೆ ಅಂತ ಹೊರೇಷಿಯೊ. ಹೌದು, ದುಡಿಯದ ಕೈಗೇ ಸೂಕ್ಷ್ಮ ಹೆಚ್ಚು ಅಂತ ಹ್ಯಾಮ್ಲೆಟ್.

ಗೆಳೆಯರೇ, ಈ ಮೂರು ಮಾತುಗಳ ಕೆಳಗೆ ಗೆರೆ ಎಳೆದು ಇಟ್ಟುಕೊಳ್ಳಿ. 'ಅವರಿಗೆ ಅಭ್ಯಾಸ ಆಗಿದೆ ಬಿಡಿ.' ಮ್ಯಾನ್‌ಹೋಲಿಗೆ ಇಳಿದವರ ಬಗ್ಗೆ, ಸತ್ತ ದನ ಎಳೆದವರ ಬಗ್ಗೆ ನಾವು ಕೇಳುತ್ತಾ ಬಂದ ಮಾತು ಇದೇ. ಹಾಡುವವನಿಗೆ ಮನಸ್ಸಿಲ್ಲ ಅಂತ ಯಾರು ಹೇಳಿದರು? ಬೀಸುವಾಗ, ಕುಟ್ಟುವಾಗ, ನಾಟಿ ಹಾಕುವಾಗ ನಮ್ಮ ತಾಯಂದಿರು ಹಾಡಿದ್ದು ಮನಸ್ಸು ಇಲ್ಲದೆಯಾ? ಮೈ ಮುರಿಯುವ ಕೆಲಸದಲ್ಲಿ ಉಸಿರು ಹಿಡಿದುಕೊಳ್ಳುವುದಕ್ಕೆ ಹಾಡು ಬೇಕು. ಅರಮನೆಯಲ್ಲಿ ಕೂತು ಉದ್ದುದ್ದ ಸ್ವಗತ ಹೇಳುವುದಕ್ಕೆ ಪುರುಸೊತ್ತು ಬೇಕು. ಪುರುಸೊತ್ತು ಇದ್ದವನದು ಸೂಕ್ಷ್ಮ ಮನಸ್ಸು, ಇಲ್ಲದವನದು ಮೊಂಡು ಚರ್ಮ ಅಂತ ಸಾಹಿತ್ಯ ತೀರ್ಪು ಕೊಟ್ಟುಬಿಟ್ಟಿದೆ.

ಆದರೆ ಮುಂದೆ ಏನಾಗುತ್ತೆ ನೋಡಿ. ಇಡೀ ನಾಟಕದಲ್ಲಿ ಮಾತಿನಲ್ಲಿ ಎಲ್ಲರನ್ನೂ ಮಣ್ಣು ಮುಕ್ಕಿಸಿದ ಹ್ಯಾಮ್ಲೆಟ್ ಈ ಹೆಸರಿಲ್ಲದವನ ಮುಂದೆ ಸೋಲುತ್ತಾನೆ. ಗುಂಡಿ ಯಾರದು ಅಂತ ಕೇಳಿದರೆ, ನನ್ನದು ಎನ್ನುತ್ತಾನೆ ಇವನು. ಯಾವ ಗಂಡಸಿಗೆ ಅಂದರೆ ಗಂಡಸಿಗಲ್ಲ, ಯಾವ ಹೆಂಗಸಿಗೆ ಅಂದರೆ ಹೆಂಗಸಿಗೂ ಅಲ್ಲ, ಹೆಂಗಸಾಗಿದ್ದವಳಿಗೆ ಅಂತ ಸುತ್ತು ಹಾಕಿಸುತ್ತಾನೆ. ಆಗ ರಾಜಕುಮಾರನ ಹೊಟ್ಟೆಯೊಳಗಿನ ಮಾತು ಹೊರಗೆ ಬೀಳುತ್ತದೆ: ಈ ಮೂರು ವರ್ಷದಿಂದ ಕಾಲ ಕೆಟ್ಟಿದೆ, ರೈತನ ಕಾಲ್ಬೆರಳು ಆಸ್ಥಾನಿಕನ ಹಿಮ್ಮಡಿಗೆ ತಾಗುವಷ್ಟು ಹತ್ತಿರ ಬಂದುಬಿಟ್ಟಿದೆ ಅಂತ.

ಆ ಕಾಲ ಯಾವುದು? 1594ರಿಂದ ಇಂಗ್ಲೆಂಡಿನಲ್ಲಿ ವರ್ಷದ ಮೇಲೆ ವರ್ಷ ಬೆಳೆ ಹೋಗಿ ಜನ ಹಸಿದಿದ್ದರು. ಊರೊಟ್ಟಿನ ಭೂಮಿಗೆ ಜಮೀನ್ದಾರರು ಬೇಲಿ ಹಾಕುತ್ತಿದ್ದರು. 1596ರಲ್ಲಿ ಆಕ್ಸ್‌ಫರ್ಡ್ ಸೀಮೆಯಲ್ಲಿ ಕೆಲವರು ಬೇಲಿ ಕೀಳಲು ಹೊರಟು ಸಿಕ್ಕಿಬಿದ್ದರು, ನೇಣಿಗೇರಿದವರೂ ಉಂಟು. ಹಸಿದವನ ಬೆರಳು ತಾಗಿದ್ದಕ್ಕೇ ಉದಾತ್ತ ರಾಜಕುಮಾರನಿಗೆ ಹಿಮ್ಮಡಿ ಉರಿಯಿತು. ಹಾಸ್ಟೆಲ್ ಹುಡುಗರು ಕಾಲೇಜಿನ ಮುಂದಿನ ಬೆಂಚಿಗೆ ಬಂದಾಗ ಯಾರ್‍ಯಾರ ಹಿಮ್ಮಡಿ ಉರಿಯಿತೋ ಅವರೆಲ್ಲ ಈ ಮಾತನ್ನು ವಿವರಿಸದೆ ಮುಂದಿನ ಪುಟಕ್ಕೆ ಹೋಗಿದ್ದಾರೆ.

ಸತ್ತ ಮೇಲೆ ಸಮಾನತೆ

ಹೆಣ ಕೊಳೆಯಲು ಎಷ್ಟು ದಿನ ಬೇಕು ಅಂತ ಹ್ಯಾಮ್ಲೆಟ್ ಕೇಳುತ್ತಾನೆ. ಸಾಮಾನ್ಯಕ್ಕೆ ಎಂಟು ಒಂಬತ್ತು ವರ್ಷ, ತೊಗಲು ಹದ ಮಾಡುವವನದಾದರೆ ಒಂಬತ್ತು ಖಂಡಿತ, ಕಸುಬಿನಿಂದ ಅವನ ಚರ್ಮವೇ ಹದವಾಗಿ ನೀರು ಒಳಗೆ ಬಿಡುವುದಿಲ್ಲ ಎನ್ನುತ್ತಾನೆ ಇವನು. ತಂಗಡಿ ಚಕ್ಕೆ, ಸುಣ್ಣ, ಹದದ ತೊಟ್ಟಿ ಕಂಡ ಕೇರಿಗಳ ಮಕ್ಕಳಿಗೆ ಈ ಮಾತು ಚುರುಕ್ ಅನ್ನದೆ ಇರದು. ದುಡಿಮೆ ಮನುಷ್ಯನ ಚರ್ಮದ ಒಳಗೆ ಇಳಿಯುತ್ತದೆ, ಸತ್ತ ಮೇಲೂ ಒಂದು ವರ್ಷ ಹೆಚ್ಚಿಗೆ ಉಳಿಯುತ್ತದೆ. ಇದು ಪುಸ್ತಕದ ತತ್ವವಲ್ಲ. 30 ವರ್ಷ ಮಣ್ಣು ಎತ್ತಿದವನ ತಿಳುವಳಿಕೆ.

ಹ್ಯಾಮ್ಲೆಟ್ ಇದನ್ನು ಕೇಳಿ ಏನು ಕಲಿತ? ಯೋರಿಕನ ಬುರುಡೆ ಕೈಗೆ ತೆಗೆದುಕೊಂಡು ಮಹಾರಾಜ ಅಲೆಕ್ಸಾಂಡರನೂ ಮಣ್ಣಾಗಿ ಪೀಪಾಯಿಯ ಬಿರಡೆ ಆಗಿರಬಹುದು, ಸೀಸರನೂ ಗೋಡೆಯ ತೂತು ಮುಚ್ಚಿರಬಹುದು ಅಂತ ವೇದಾಂತ ಹೇಳುತ್ತಾನೆ. ನಾಟಕದ ಪ್ರಸಿದ್ಧ ಚಿತ್ರವೇ ಇದು, ಬುರುಡೆ ಹಿಡಿದ ರಾಜಕುಮಾರ. ಬುರುಡೆಯನ್ನು ಅಗೆದು ತೆಗೆದವನು ಚಿತ್ರದಿಂದ ಹೊರಗೆ!

ಸಾವಿನ ಮುಂದೆ ಎಲ್ಲರೂ ಸಮಾನರು. ಈ ವೇದಾಂತ ನಮಗೂ ಬೇಕಾದಷ್ಟು ಬಡಿಸಿದ್ದಾರೆ. ಇದು ಒಡೆಯರಿಗೆ ಬಹಳ ಅಗ್ಗದ ಸಮಾನತೆ. ಬದುಕಿರುವಾಗ ಕೊಡಬೇಕಾಗಿಲ್ಲ. ಅದೂ ಸುಳ್ಳು ಅಂತ ಇದೇ ದೃಶ್ಯ ತೋರಿಸುತ್ತದೆ. ಬುರುಡೆ ಹಿಡಿದು ವೇದಾಂತ ಮುಗಿಸಿದ ಮರುಗಳಿಗೆಯೇ ಮಂತ್ರಿ ಮಗಳ ಹೆಣ ಬರುತ್ತದೆ, ಅವಳಿಗೆ ಎಷ್ಟು ಮಂತ್ರ, ಎಷ್ಟು ಹೂವು ಎಂಬ ಜಗಳ ಶುರುವಾಗುತ್ತದೆ. ಅಣ್ಣ ಲಯರ್ಟೀಸ್ ಗುಂಡಿಗೆ ಹಾರುತ್ತಾನೆ. ಹ್ಯಾಮ್ಲೆಟ್ ಅಲ್ಲಿಗೇ ಹೋಗಿ ಅವನ ಮೇಲೆ ಬೀಳುತ್ತಾನೆ. 40,000 ಅಣ್ಣಂದಿರ ಪ್ರೀತಿ ಸೇರಿದರೂ ತನ್ನ ಪ್ರೀತಿಗೆ ಸಮ ಇಲ್ಲವಂತೆ! ಅವಳ ತಂದೆಯನ್ನು ಕೊಂದವನು ಇವನೇ. ಬದುಕಿದ್ದಾಗ ಆ ಹುಡುಗಿಯ ಮಾತನ್ನು ಒಬ್ಬನೂ ಕೇಳಲಿಲ್ಲ. ಸತ್ತ ಮೇಲೆ ಅವಳ ಗುಂಡಿಯೊಳಗೆ ಇಬ್ಬರು ದೊಡ್ಡ ಮನೆತನದ ಗಂಡಸರ ಕುಸ್ತಿ. ಕಷ್ಟಪಟ್ಟು ಸಮ ಮಾಡಿದ ಗುಂಡಿಯ ಅಂಚು ಕುಸಿದಿರಬೇಕು. ಅದನ್ನು ಮತ್ತೆ ಸರಿ ಮಾಡಿದವನು ಯಾರು ಅಂತ ನಾಟಕ ಹೇಳುವುದಿಲ್ಲ. ಹೆಣ ಬಂದ ಮೇಲೆ ಅವನಿಗೆ ಒಂದು ಮಾತೂ ಇಲ್ಲ.

ನಾಲ್ಕು ಹೆಣ, ಒಂದು ತೋಪು

ಎರಡನೇ ದೃಶ್ಯ ಅರಮನೆಯಲ್ಲಿ. ಮೊದಲಿಗೆ ಹ್ಯಾಮ್ಲೆಟ್ ತನ್ನ ಸಾಹಸ ಹೇಳಿಕೊಳ್ಳುತ್ತಾನೆ. ತನ್ನನ್ನು ಕೊಲ್ಲಿಸಲು ರಾಜ ಕಳಿಸಿದ ಪತ್ರ ಬದಲಾಯಿಸಿ, ಅದನ್ನು ಹೊತ್ತೊಯ್ಯುತ್ತಿದ್ದ ಇಬ್ಬರು ಹಳೆಯ ಗೆಳೆಯರೇ ಸಾಯುವ ಹಾಗೆ ಮಾಡಿದ್ದಾನೆ. ಅವರಿಗೆ ಪಾಪನಿವೇದನೆಗೂ ಸಮಯ ಕೊಡಬಾರದು ಅಂತ ಬರೆದಿದ್ದಾನೆ. ಮನಸ್ಸಾಕ್ಷಿ ಚುಚ್ಚುವುದಿಲ್ಲವಂತೆ. ಯಾಕೆಂದರೆ ಇಬ್ಬರು ಬಲಿಷ್ಠರು ಕತ್ತಿ ಮಸೆಯುವಾಗ ಕೀಳು ಜನ ನಡುವೆ ಬಂದರೆ ಅಪಾಯ ಅವರದೇ. ಗುಂಡಿ ತೋಡುವವನಿಗೆ ಸೂಕ್ಷ್ಮ ಇಲ್ಲ ಅಂದವನು ಇವನೇ ತಾನೇ?

ನ್ಯಾಯ ಹೇಳಬೇಕು. ಆಸ್ರಿಕ್ ಎಂಬ ಜಮೀನ್ದಾರ ಬಂದು ಹಲ್ಲು ಗಿಂಜಿದಾಗ ಹ್ಯಾಮ್ಲೆಟ್ ಅವನನ್ನು ಚೆನ್ನಾಗಿ ಗೇಲಿ ಮಾಡುತ್ತಾನೆ: ದನವೇ ಆದರೂ ದನಗಳ ಒಡೆಯನಾದರೆ ಅವನ ಗೋದಲಿಯನ್ನು ರಾಜನ ಪಂಕ್ತಿಯಲ್ಲೇ ಇಡುತ್ತಾರೆ ಎಂಬ ಅರ್ಥದಲ್ಲಿ. ಭೂಮಿ ಇದ್ದವನಿಗೇ ಮಣೆ ಅಂತ ಅವನಿಗೆ ಗೊತ್ತು. ಗೊತ್ತಿದ್ದೂ ಅದೇ ಪಂಕ್ತಿಯಲ್ಲಿ ಕೂರುತ್ತಾನೆ.

ಆಮೇಲೆ ಕತ್ತಿವರಸೆ. ರಾಜನ ಪಣ ಆರು ಬಾರ್ಬರಿ ಕುದುರೆ. ಕತ್ತಿಗೆ ವಿಷ, ಬಟ್ಟಲಿಗೆ ವಿಷ. ರಾಣಿ ಬಟ್ಟಲು ಕುಡಿದು ಸಾಯುತ್ತಾಳೆ. ಲಯರ್ಟೀಸ್, ಕ್ಲಾಡಿಯಸ್, ಹ್ಯಾಮ್ಲೆಟ್ ಒಬ್ಬರ ಹಿಂದೆ ಒಬ್ಬರು. ಸಾಯುವ ಮುಂಚೆ ಹ್ಯಾಮ್ಲೆಟ್ ಎರಡು ಕೆಲಸ ಮಾಡುತ್ತಾನೆ. ಒಂದು, ನನ್ನ ಕಥೆ ಲೋಕಕ್ಕೆ ಹೇಳು ಅಂತ ಹೊರೇಷಿಯೊಗೆ ಒಪ್ಪಿಸುತ್ತಾನೆ. ಎರಡು, ಡೆನ್ಮಾರ್ಕಿನ ಸಿಂಹಾಸನಕ್ಕೆ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ಗೆ ತನ್ನ ಮತ ಅಂತ ಹೇಳಿ ಕಣ್ಣು ಮುಚ್ಚುತ್ತಾನೆ.

ಯಾರು ಈ ಫೋರ್ಟಿನ್‌ಬ್ರಾಸ್? ನಾಲ್ಕನೇ ಅಂಕದಲ್ಲಿ ಇವನು ಸೈನ್ಯ ನಡೆಸಿಕೊಂಡು ಪೋಲೆಂಡಿಗೆ ಹೋಗುತ್ತಿರುತ್ತಾನೆ, ಒಂದು ತುಂಡು ನೆಲಕ್ಕಾಗಿ. ಐದು ಡುಕಾಟ್ ಕೊಟ್ಟು ಗೇಣಿಗೆ ತೆಗೆದುಕೊಳ್ಳಲೂ ಲಾಯಕ್ಕಿಲ್ಲದ ನೆಲ ಅದು ಅಂತ ಅವನ ದಳಪತಿಯೇ ಹೇಳುತ್ತಾನೆ. ಅದಕ್ಕಾಗಿ 20,000 ಜನ ಸಾಯಲು ಹೊರಟಿದ್ದಾರೆ, ಸತ್ತವರನ್ನು ಹೂಳುವುದಕ್ಕೂ ಆ ನೆಲ ಸಾಲದು ಅಂತ ಹ್ಯಾಮ್ಲೆಟನೇ ಲೆಕ್ಕ ಹಾಕುತ್ತಾನೆ. ಲೆಕ್ಕ ಹಾಕಿ ನಾಚುತ್ತಾನೆ. ಆ 20,000 ಜನರಿಗಾಗಿಯಲ್ಲ, ತಾನಿನ್ನೂ ಸೇಡು ತೀರಿಸಲಿಲ್ಲವಲ್ಲ ಅಂತ! ಅಂಥ ಫೋರ್ಟಿನ್‌ಬ್ರಾಸ್‌ಗೇ ಕೊನೆಗೆ ದೇಶ ಒಪ್ಪಿಸಿದ್ದು. ಡೆನ್ಮಾರ್ಕಿನ ಜನರನ್ನು ಯಾರಾದರೂ ಕೇಳಿದರೇ? ಅದೇ ನಾಲ್ಕನೇ ಅಂಕದಲ್ಲಿ ಜನ ಬಾಗಿಲು ಮುರಿದು ಬಂದು ಲಯರ್ಟೀಸ್ ರಾಜನಾಗಲಿ ಅಂತ ಕೂಗಿದ್ದರು. ಅವನೇ ಅವರನ್ನು ಹೊರಗೆ ನಿಲ್ಲಿಸಿ ಬಾಗಿಲು ಕಾಯಲು ಹೇಳಿದ. ಆಮೇಲೆ ಆ ಜನ ಒಳಗೆ ಬರಲೇ ಇಲ್ಲ.

ಗುಂಡಿ ತೋಡುವವನು ಆಗಲೇ ಹೇಳಿದ್ದನ್ನು ನೆನೆಯಿರಿ. ಅವನು ಈ ಕೆಲಸಕ್ಕೆ ಸೇರಿದ್ದು ಹ್ಯಾಮ್ಲೆಟನ ಅಪ್ಪ ಫೋರ್ಟಿನ್‌ಬ್ರಾಸ್‌ನ ಅಪ್ಪನನ್ನು ಸೋಲಿಸಿದ ದಿನ. ಹ್ಯಾಮ್ಲೆಟ್ ಹುಟ್ಟಿದ್ದೂ ಅದೇ ದಿನ. ಅಪ್ಪ ಗೆದ್ದ, ಮಗ ಕಳೆದ. 30 ವರ್ಷದಲ್ಲಿ ಭೂಮಿ ಆ ರಾಜನಿಂದ ಈ ರಾಜನಿಗೆ ದಾಟಿತು. ಗುದ್ದಲಿ ಮಾತ್ರ ಕೈ ಬದಲಾಗಲಿಲ್ಲ.

ಕೊನೆಯ ಮಾತುಗಳನ್ನು ಗಮನವಿಟ್ಟು ಓದಿ. ಕಥೆ ಹೇಳುತ್ತೇನೆ ಎನ್ನುತ್ತಾನೆ ಹೊರೇಷಿಯೊ. ಕೇಳೋಣ, ಕುಲೀನರನ್ನೆಲ್ಲ ಕರೆಯಿರಿ ಎನ್ನುತ್ತಾನೆ ಫೋರ್ಟಿನ್‌ಬ್ರಾಸ್. ಕಥೆ ಯಾರದು, ಹೇಳುವವನು ಯಾರು, ಕೇಳುವವರು ಯಾರು, ಎಲ್ಲ ಅಲ್ಲೇ ತೀರ್ಮಾನ. ನಾಲ್ವರು ದಳಪತಿಗಳು ಹ್ಯಾಮ್ಲೆಟನನ್ನು ಹೊರಲಿ, ತೋಪು ಹಾರಲಿ ಎಂದು ಆಜ್ಞೆ. ಹೊರುವುದಕ್ಕೆ ಆಜ್ಞೆ ಇದೆ, ತೋಪಿಗೆ ಆಜ್ಞೆ ಇದೆ. ನಾಲ್ಕು ಗುಂಡಿ ತೋಡಿ ಅಂತ ಯಾರೂ ಆಜ್ಞೆ ಮಾಡುವುದಿಲ್ಲ. ಯಾಕೆ ಮಾಡಬೇಕು? ಅದು ಆಗಿಯೇ ಆಗುತ್ತದೆ. ಆಜ್ಞೆಯೂ ಬೇಕಿಲ್ಲದ ದುಡಿಮೆ ಅದು. ಇದೇ ಈ ಅಂಕದ ನಿಜವಾದ ದುರಂತ ಅಂತ ನಾವು ಹೇಳುತ್ತೇವೆ.

ಇವರನ್ನು ಹೊರಗೆ ಹಾಕಿದವರು

ಷೇಕ್ಸ್‌ಪಿಯರನ ಮೇಲೆ ನಮ್ಮ ಜಗಳವಿಲ್ಲ. ಅವನು ಕೂಲಿಯವನನ್ನು ರಂಗದ ಮಧ್ಯೆ ತಂದು ನಿಲ್ಲಿಸಿದ, ರಾಜಕುಮಾರನ ಸಮಕ್ಕೆ ಮಾತು ಕೊಟ್ಟ. ತಡೆಯಲಾಗದೆ ಹೋದವರು ಆಮೇಲೆ ಬಂದ ಸಭ್ಯಸ್ಥರು. ರುದ್ರನಾಟಕದಲ್ಲಿ ಗುಂಡಿ ತೋಡುವವರೇ ಅಂತ ಫ್ರಾನ್ಸಿನ ವೋಲ್ಟೇರ್ 1748ರಲ್ಲಿ ಮೂಗು ಮುರಿದ. ರಾಜರ ಅನ್ಯಾಯದ ವಿರುದ್ಧ ಬರೆದ ಅದೇ ವೋಲ್ಟೇರ್! ಲಂಡನ್ನಿನ ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್ 1772ರಲ್ಲಿ ಈ ದೃಶ್ಯವನ್ನೇ ಕತ್ತರಿಸಿ ಹ್ಯಾಮ್ಲೆಟ್ ಆಡಿದ. 1779ರಲ್ಲಿ ಅವನು ತೀರಿಕೊಂಡ ಮೇಲೆ ಅವರು ಮತ್ತೆ ರಂಗಕ್ಕೆ ಬಂದರು. ಈಗ ಕತ್ತರಿಸುವುದಿಲ್ಲ. 'ಕಾಮಿಕ್ ರಿಲೀಫ್' ಅಂತ ಚೀಟಿ ಅಂಟಿಸುತ್ತಾರೆ. ಕತ್ತರಿಗಿಂತ ಇದು ನಾಜೂಕು.

ಕನ್ನಡದಲ್ಲಿ ಇಂಥ ನಾಟಕಕ್ಕೆ ರುದ್ರನಾಟಕ ಅಂತ ಹೆಸರಿದೆ. ರುದ್ರ ಸ್ಮಶಾನವಾಸಿ. ಆ ಲೆಕ್ಕದಲ್ಲಿ ರುದ್ರನಾಟಕದ ಮೊದಲ ಪಾತ್ರ ಸ್ಮಶಾನದಲ್ಲಿ ದುಡಿಯುವವನೇ ಆಗಬೇಕಿತ್ತು. ನಮ್ಮಲ್ಲಿ ಏನಾಯಿತು? ಹರಿಶ್ಚಂದ್ರನ ಕಥೆ ನೋಡಿ. ರಾಜನಾದವನು ವೀರಬಾಹುವಿನ ಆಳಾಗಿ ಸುಡುಗಾಡು ಕಾಯಬೇಕಾಯಿತಲ್ಲ ಅಂತ ರಾಘವಾಂಕನ ಕಾಲದಿಂದ ಕಂಪನಿ ನಾಟಕದವರೆಗೆ ಊರಿಗೆ ಊರೇ ಅತ್ತಿತು. ಸ್ವಲ್ಪ ಕಾಲ ಆ ಕೆಲಸ ಮಾಡಿದ ರಾಜನಿಗೆ ಕಣ್ಣೀರು. ತಲೆತಲಾಂತರದಿಂದ ಅದೇ ಕೆಲಸ ಮಾಡಿದವರಿಗೆ? ಅವರಿಗೆ ಅಭ್ಯಾಸ ಆಗಿತ್ತಲ್ಲ!

ಡೆನ್ಮಾರ್ಕಿಗೂ ನಮ್ಮ ಊರಿಗೂ ಇರುವ ಅಂತರ

ಒಂದು ಎಚ್ಚರಿಕೆ. ಆ ಗುಂಡಿ ತೋಡುವವನೂ ನಾವೂ ಒಂದೇ ಅಂತ ಸುಲಭವಾಗಿ ಹೇಳಬಾರದು. ಅವನು ಬಡವ, ಆದರೆ ಅದು ಅವನು ಸೇರಿದ ಕೆಲಸ. ಸೇರಿದ ದಿನ ಯಾವುದು ಅಂತ ಹೇಳಬಲ್ಲ. ತನ್ನ ಕಸುಬನ್ನು ಆದಮನಿಂದ ಬಂದದ್ದು ಅಂತ ಹೆಮ್ಮೆ ಪಡಬಲ್ಲ. ನಮ್ಮ ಹಿರಿಯರಿಗೆ ಸೇರಿದ ದಿನ ಇರಲಿಲ್ಲ, ಹುಟ್ಟಿದ ದಿನವೇ ಸೇರಿದ ದಿನ. ಊರಿನಲ್ಲಿ ಸಾವಾದರೆ ಸುದ್ದಿ ಮುಟ್ಟಿಸಬೇಕು, ತಮಟೆ ಹೊಡೆಯಬೇಕು, ಗುಂಡಿ ತೆಗೆಯಬೇಕು, ಬಿಟ್ಟಿ ಚಾಕರಿ. ಜಾತಿ ಬರೀ ಕೆಲಸ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಒಡೆದು ಇಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಆ ಇಗರ್ಜಿಯ ಅಂಗಳದಲ್ಲಿ ವಕೀಲನ ಬುರುಡೆ, ವಿದೂಷಕನ ಬುರುಡೆ, ತೊಗಲಿನವನ ಮೂಳೆ ಒಂದೇ ಮಣ್ಣಿನಲ್ಲಿ ಬೆರೆಯುತ್ತವೆ. ನಮ್ಮ ಹಳ್ಳಿಗಳಲ್ಲಿ ಮೂಳೆಯೂ ಬೆರೆಯಲು ಬಿಟ್ಟಿಲ್ಲ. ಜಾತಿಗೊಂದು ಸ್ಮಶಾನ. ಎಲ್ಲರಿಗೂ ಗುಂಡಿ ತೋಡಿದ ಕೇರಿಗೆ ತನ್ನವರನ್ನು ಹೂಳಲು ಜಾಗವಿಲ್ಲದ, ಇದ್ದರೂ ದಾರಿ ಬಿಡದ ಊರುಗಳು ಈಗಲೂ ಇವೆ.

ಇದು ಕವಿಯ ಕಲ್ಪನೆ ಅನ್ನುವವರಿಗೆ ಕಾನೂನಿನ ಪುಸ್ತಕ ತೋರಿಸಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು, 2016ರ ಜನವರಿ 26ರಿಂದ ಜಾರಿ ಮಾಡಿದರು. ಪರಿಶಿಷ್ಟ ಜಾತಿ, ಪಂಗಡದವರಿಂದ ಹೆಣ ಹೊರಿಸುವುದು, ಸತ್ತ ಪ್ರಾಣಿ ಎತ್ತಿಸುವುದು, ಗುಂಡಿ ತೋಡಿಸುವುದು ಅಪರಾಧ ಅಂತ ಅದರಲ್ಲಿ ಹೆಸರಿಟ್ಟು ಬರೆದಿದೆ. ಸ್ವಾತಂತ್ರ್ಯ ಬಂದು 68 ವರ್ಷದ ಮೇಲೆ 'ಗುಂಡಿ ತೋಡಿಸುವುದು' ಎಂಬ ಮಾತನ್ನು ಕಾನೂನಿನಲ್ಲಿ ಸೇರಿಸಬೇಕಾಯಿತು ಅಂದರೆ ಅದು ನಡೆಯುತ್ತಿತ್ತು ಅಂತಲೇ ಅರ್ಥ. ಇದನ್ನು ಓದಿದ ಮೇಲೂ ಐದನೇ ಅಂಕದ ಮೊದಲ ದೃಶ್ಯಕ್ಕೆ ನಗು ಬರುವವರು ನಗಲಿ.

ಹಾಸ್ಟೆಲಿನ ಗೆಳೆಯರಿಗೆ ನಮ್ಮ ಮಾತು

ಹ್ಯಾಮ್ಲೆಟ್ ಓದಬೇಡಿ ಅಂತ ನಾವು ಹೇಳುವುದಿಲ್ಲ. ಗೈಡು ಮುಚ್ಚಿ ನಾಟಕವನ್ನೇ ಓದಿ. ಇಂಗ್ಲಿಷ್ ಕಷ್ಟವಾದರೆ ನಾಲ್ಕು ಜನ ಸೇರಿ, ಒಬ್ಬರು ಓದಿ ಇನ್ನೊಬ್ಬರು ನಮ್ಮ ಕೇರಿಯ ಕನ್ನಡದಲ್ಲಿ ಹೇಳಿ. ಪರೀಕ್ಷೆಯಲ್ಲಿ ಆ ಕಿರುಟಿಪ್ಪಣಿ ಬಂದರೆ ಹೇಲ್ಸ್ ಮೊಕದ್ದಮೆ ಬರೆಯಿರಿ, ಜಾನ್ ಬಾಲ್ ಬರೆಯಿರಿ, 20,000 ಸೈನಿಕರ ಲೆಕ್ಕ ಬರೆಯಿರಿ. ಎಲ್ಲವೂ ನಾಟಕದಲ್ಲಿ, ಇತಿಹಾಸದಲ್ಲಿ ಇರುವುದೇ. ಅಂಕ ಕಳೆಯುವವರು ಯಾವ ಕಾರಣ ಕೊಟ್ಟು ಕಳೆಯುತ್ತಾರೋ ನೋಡೋಣ.

ಹಾಸ್ಟೆಲ್ ವಾರ್ಷಿಕೋತ್ಸವಕ್ಕೆ ಈ ಅಂಕ ಆಡಿ. ಒಂದೇ ಒಂದು ಬದಲಾವಣೆ ಸಾಕು. ತೋಪಿನ ಸದ್ದಾದ ಮೇಲೆ ಪರದೆ ಎಳೆಯಬೇಡಿ. ಹೆಸರಿಲ್ಲದ ಆ ಮನುಷ್ಯ ಗುದ್ದಲಿ ಹಿಡಿದು ಮತ್ತೆ ಬರಲಿ. ಬಿದ್ದಿರುವ ನಾಲ್ಕು ಹೆಣಗಳನ್ನು ನೋಡಲಿ. ಆಮೇಲೆ ಗುದ್ದಲಿಯನ್ನು ಫೋರ್ಟಿನ್‌ಬ್ರಾಸ್‌ನ ಕಾಲ ಬುಡದಲ್ಲಿ ಇಟ್ಟು, ಬಂದ ದಾರಿಯಲ್ಲೇ ಹೊರಟುಹೋಗಲಿ. ಸಭೆಯಲ್ಲಿ ಯಾರು ನಗುತ್ತಾರೆ, ಯಾರು ನಗುವುದಿಲ್ಲ ಅಂತ ಆಗ ಲೆಕ್ಕ ಹಾಕಿ.